ಮಣ್ಣಿನ ಓಲೆ, ಮಜೂರಿಯ ಲೆಕ್ಕ

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಚಿತ್ರಸಂತೆಯ ದಿನ ಅದು. ರಸ್ತೆಯ ಎರಡೂ ಬದಿ ಕ್ಯಾನ್ವಾಸುಗಳ ಸಾಲು. ಜನ ನಿಂತು ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಬೆಲೆ ಕೇಳುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಚಿತ್ರದ ಬುಡದಲ್ಲಿ ಒಂದು ಮರದ ತಟ್ಟೆ ಕಾಣಿಸುತ್ತದೆ. ಅದರಲ್ಲಿ ಸುಟ್ಟ ಮಣ್ಣಿನ ಜುಮುಕಿ, ರೇಷ್ಮೆದಾರ ಸುತ್ತಿದ ಬಳೆ, ಅರಗಿನ ಮಣಿಯ ಸರ. ಹತ್ತು ಸಾವಿರದ ಚಿತ್ರದ ಮುಂದೆ ಹಿಂಜರಿದ ಕೈ ಮುನ್ನೂರರ ಓಲೆಯತ್ತ ಸಲೀಸಾಗಿ ಚಾಚುತ್ತದೆ. ಎಷ್ಟೋ ಕಲಾವಿದೆಯರಿಗೆ ಮುಂದಿನ ತಿಂಗಳ ಬಣ್ಣ, ಕುಂಚ, ಬಾಡಿಗೆ ಹುಟ್ಟುವುದು ಆ ತಟ್ಟೆಯಿಂದ.

ನಾನೂ ಅಂಥವಳೇ. ಚಿತ್ರ ಬರೆಯುವುದು ನನ್ನ ಕೆಲಸ, ಮಣ್ಣಿನ ಒಡವೆ ನನ್ನ ವ್ಯಾಪಾರ. ‘ಟೈಂಪಾಸಿಗೆ ಒಳ್ಳೇದು ಬಿಡಿ’ ಎಂದು ನೆಂಟರು ಹೇಳುತ್ತಾರೆ. ‘ಕಲೆ ಬಿಟ್ಟು ಫ್ಯಾನ್ಸಿ ಸ್ಟೋರಿಗೆ ಇಳಿದೆಯಾ’ ಎಂದು ಸಹಪಾಠಿಗಳು ಕೇಳುತ್ತಾರೆ. ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಇದು ಹೊತ್ತು ಕಳೆಯಲು ಮಾಡುವ ಕೆಲಸವಲ್ಲ, ಹೊತ್ತು ಸಂಪಾದಿಸಲು ಮಾಡುವ ಕೆಲಸ. ಒಂದು ವಾರದ ಓಲೆ ಮಾರಿದ ಹಣದಿಂದ ಚಿತ್ರಕ್ಕೆಂದು ಎಷ್ಟು ಬೆಳಗು ಉಳಿಯಿತು ಎಂಬುದೇ ನನ್ನ ಲಾಭನಷ್ಟದ ಪಟ್ಟಿ. ಈ ದಾರಿಗೆ ಬರಬೇಕೆಂದಿರುವ ಹುಡುಗಿಯರು, ಹುಡುಗರು ಮೊದಲ ದಿನವೇ ಈ ಲೆಕ್ಕ ಹಿಡಿಯಬೇಕು ಎಂಬುದು ನನ್ನ ಹಟ. ಹಿಡಿಯದಿದ್ದರೆ ಕಲೆಗಾಗಿ ಶುರುಮಾಡಿದ ವ್ಯಾಪಾರವೇ ಕಲೆಯ ಹೊತ್ತನ್ನೆಲ್ಲ ನುಂಗಿಬಿಡುತ್ತದೆ.

ಕೈಕಸುಬಿನಿಂದ ಕಲೆಯನ್ನು ಸಾಕುವುದು ಇನ್‌ಸ್ಟಾಗ್ರಾಂ ಕಾಲದ ಹೊಸ ಉಪಾಯವೇನಲ್ಲ. ನಮ್ಮ ನೆರೆಯಲ್ಲೇ ಇದರ ದೊಡ್ಡ ಉದಾಹರಣೆ ಇದೆ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಓದು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಎಲ್ಲೋ ಕೆಲಸಕ್ಕೆ ಸೇರುತ್ತಿದ್ದರು, ಕುಂಚ ಮೂಲೆ ಸೇರುತ್ತಿತ್ತು. ಬಾಟಿಕ್ ಬಟ್ಟೆಯಂಥ ಕರಕುಶಲ ವಸ್ತುಗಳನ್ನು ಮಾಡಿ ಮಾರೋಣ, ಅದರಿಂದ ಬದುಕೋಣ, ಚಿತ್ರವನ್ನು ಮಾತ್ರ ಯಾರ ಮುಲಾಜಿಗೂ ಬೀಳದೆ ಬರೆಯೋಣ ಎಂದು ಗುರುಶಿಷ್ಯರು ಸೇರಿ ನಿರ್ಧರಿಸಿದರು. ಆ ಮಾರಾಟದ ಹಣ ಕೂಡಿಸಿ ಇಂಜಂಬಾಕ್ಕಂ ಬಳಿ ಕಡಲಂಚಿನ ಜಾಗ ಕೊಂಡರು. 1966ರಲ್ಲಿ ಅಲ್ಲಿ ಎದ್ದು ನಿಂತದ್ದೇ ಚೋಳಮಂಡಲ ಕಲಾವಿದರ ಗ್ರಾಮ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ನಮ್ಮ ಎಸ್.ಜಿ. ವಾಸುದೇವ್ ಆ ಗ್ರಾಮ ಕಟ್ಟಿದವರಲ್ಲಿ ಒಬ್ಬರು. ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶಕರು ಎಂದರೆ ಕನ್ನಡಿಗರಿಗೆ ಬೇಗ ಗೊತ್ತಾಗುತ್ತದೆ.

ಚೋಳಮಂಡಲದ ಕಥೆಯಲ್ಲಿ ನನಗೆ ಬಹಳ ಹಿಡಿಸುವುದು ಅವರು ಎರಡನ್ನೂ ಬೇರೆಬೇರೆ ಇಟ್ಟ ರೀತಿ. ಬಾಟಿಕ್ ಬಟ್ಟೆ ಮಾರುಕಟ್ಟೆಗೆ ತಲೆಬಾಗಬಹುದಿತ್ತು, ಕೊಳ್ಳುವವರ ಬಣ್ಣದ ಆಸೆಗೆ ಒಗ್ಗಿಕೊಳ್ಳಬಹುದಿತ್ತು. ಕ್ಯಾನ್ವಾಸಿಗೆ ಆ ಹಂಗು ಇರಲಿಲ್ಲ. ಒಡವೆ ಮಾಡುವ ಚಿತ್ರಗಾರ್ತಿ, ನಟಿ, ಕವಿ ಯಾರೇ ಆಗಲಿ, ಈ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡರೆ ಗಿರಾಕಿ ‘ಇದರಲ್ಲಿ ಸ್ವಲ್ಪ ಗೋಲ್ಡನ್ ಜಾಸ್ತಿ ಹಾಕಿ’ ಎಂದಾಗ ಮನಸ್ಸು ಮುದುಡುವುದಿಲ್ಲ. ಹಾಕಿಕೊಟ್ಟರಾಯಿತು.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನೂ ಇಲ್ಲಿ ನೆನೆಯಬೇಕು. ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ದೇಶದ ಕೈಕಸುಬುಗಳಿಗೆ ಅವರು ಮಾಡಿದ ಕೆಲಸ ಎಲ್ಲರಿಗೂ ಗೊತ್ತು. ರಂಗಭೂಮಿಯ ಗಾಢ ನಂಟಿದ್ದ ಅವರು ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ಮೂಕಿಚಿತ್ರದಲ್ಲಿ ನಟಿಸಿದ್ದೂ ಉಂಟು. ಆಟಕ್ಕೆ ಚಿನ್ನದ ಬಂಡಿಯೇ ಬೇಕೆಂದು ಅಳುವ ಮಗುವಿನ ಮಣ್ಣಿನ ಬಂಡಿಯಲ್ಲಿ ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಕಳಚಿ ತುಂಬುವ ನಾಟಕ ಅದು. ಮಣ್ಣು, ಒಡವೆ, ರಂಗ ಮೂರೂ ಒಂದೇ ಕಡೆ ಬಂದ ಆ ದೃಶ್ಯ ನನ್ನ ಕೆಲಸದ ಮೇಜಿನ ಮುಂದೆ ಕೂತಾಗೆಲ್ಲ ನೆನಪಾಗುತ್ತದೆ.

ಇನ್ನು ಮಜೂರಿಯ ವಿಷಯ. ಬಂಗಾರದಂಗಡಿಯಲ್ಲಿ ಬಿಲ್ಲು ಬರೆಸುವಾಗ ಏನಾಗುತ್ತದೆ? ಆ ದಿನದ ಚಿನ್ನದ ದರ, ತೂಕ, ಅದರ ಮೇಲೆ ವೇಸ್ಟೇಜು, ಮೇಕಿಂಗ್ ಚಾರ್ಜು, ತೆರಿಗೆ. ಚಿನ್ನ ಹತ್ತು ಗ್ರಾಂಗೆ ಲಕ್ಷ ರೂಪಾಯಿ ಮುಟ್ಟಿದ 2025ರಲ್ಲೂ ಜನ ಆ ಬಿಲ್ಲು ಕಟ್ಟಿದರು. ಮಜೂರಿಯಲ್ಲಿ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿಕೊಂಡಾರು, ಮಜೂರಿಯೇ ಯಾಕೆ ಎಂದು ಯಾರೂ ಕೇಳಲಿಲ್ಲ. ಅದೇ ಗಿರಾಕಿ ಮೇಳದ ಮಳಿಗೆಗೆ ಬಂದು ಮಣ್ಣಿನ ಜುಮುಕಿ ಎತ್ತಿ ನೋಡಿ ‘ಮಣ್ಣಿಗೆ ಇಷ್ಟಾ?’ ಎನ್ನುತ್ತಾರೆ. ಅವರು ಕೆಟ್ಟವರೆಂದಲ್ಲ. ಒಡವೆ ಎಂದರೆ ಅದರೊಳಗಿನ ಲೋಹದ ಬೆಲೆ, ಕಷ್ಟಕಾಲಕ್ಕೆ ಅಡವಿಟ್ಟರೆ ಬರುವ ದುಡ್ಡು ಎಂದು ತಲೆತಲಾಂತರದಿಂದ ನಂಬಿ ಬಂದ ಮನೆಗಳು ನಮ್ಮವು. ಆ ನಂಬಿಕೆ ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿದೆ ಕೂಡ. ಮಣ್ಣಿನ ಓಲೆಯನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಇರುವುದೆಲ್ಲ ಮಜೂರಿಯೇ. ಹಾಗಿರುವಾಗ ಮಜೂರಿಯನ್ನು ಬಿಟ್ಟು ಬೆಲೆ ಕಟ್ಟಿದರೆ ಮಾರಲು ಉಳಿಯುವುದಾದರೂ ಏನು?

ಮಜೂರಿ ಎಲ್ಲಿ ಹೋಗುತ್ತದೆ ಎಂಬುದು ಒಂದು ಜೊತೆ ಜುಮುಕಿ ಆಗುವುದನ್ನು ನೋಡಿದರೆ ತಿಳಿಯುತ್ತದೆ. ಬೆಂಗಳೂರಿನ ಪಾಟರಿ ಟೌನಿನಲ್ಲಿ ಹದಮಾಡಿದ ಜೇಡಿಮಣ್ಣು ಸಿಗುತ್ತದೆ. ತಲೆಮಾರುಗಳಿಂದ ಅಲ್ಲಿ ಕುಂಬಾರಿಕೆ ನಡೆದು ಬಂದಿದೆ. ಮಡಕೆಗೆ ಸಾಕಾದ ಮಣ್ಣು ಓಲೆಗೆ ಸಾಲದು. ಅದನ್ನು ನೀರಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ಮತ್ತೆ ಗಟ್ಟಿಯಾಗುವವರೆಗೆ ಕಾಯಬೇಕು. ಮರಳಿನ ಒಂದು ಕಣ ಉಳಿದರೂ ಓಲೆಯ ಅಂಚು ಒರಟಾಗಿ ಕತ್ತಿನ ಚರ್ಮಕ್ಕೆ ತಾಗುತ್ತದೆ. ಆಮೇಲೆ ಅಂಗೈಯಲ್ಲಿ ಚೆನ್ನಾಗಿ ನಾದಿ ಒಳಗಿನ ಗಾಳಿ ಬಿಡಿಸಬೇಕು. ಗೋಲಿ ಗಾತ್ರದ ಉಂಡೆ ತೆಗೆದುಕೊಂಡು ಹೆಬ್ಬೆರಳ ತುದಿಗೆ ಕೂರಿಸಿ ಒತ್ತುತ್ತಾ ತಿರುಗಿಸಿದರೆ ಜುಮುಕಿಯ ಬುಟ್ಟಿ ಏಳುತ್ತದೆ. ದಪ್ಪ ಎರಡು ಮೂರು ಮಿಲಿಮೀಟರು, ಸುತ್ತಲೂ ಒಂದೇ ಸಮ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಒಣಗುವಾಗಲೇ ಬಿರುಕು. ಎರಡನೆಯ ಬುಟ್ಟಿ ಮೊದಲನೆಯದಕ್ಕೆ ಜೋಡಿಯಾಗಬೇಕು. ಕಣ್ಣಳತೆ ಬೇಕಾಗುವುದು ಇಲ್ಲಿ, ಚಿತ್ರ ಬರೆದ ಕೈ ನೆರವಿಗೆ ಬರುವುದೂ ಇಲ್ಲಿಯೇ.

ಸಾಸಿವೆ ಗಾತ್ರದ ಮಣ್ಣಿನ ಕಾಳುಗಳನ್ನು ಅಂಚಿಗೆ ಅಂಟಿಸುವಾಗ ಬರಿದೆ ಒತ್ತಿದರೆ ನಿಲ್ಲುವುದಿಲ್ಲ. ಸೂಜಿಯಿಂದ ಎರಡೂ ಕಡೆ ಗೀರು ಹಾಕಿ, ಮಣ್ಣಿನ ಗಂಜಿ ಹಚ್ಚಿ ಕೂಡಿಸಬೇಕು. ಕೊಂಡಿ ತೂರುವ ತೂತನ್ನು ಬೇಕಾದ್ದಕ್ಕಿಂತ ತುಸು ದೊಡ್ಡದಾಗಿಯೇ ಚುಚ್ಚಬೇಕು, ಒಣಗುತ್ತ ಮಣ್ಣು ಕುಗ್ಗಿದಂತೆ ತೂತೂ ಕುಗ್ಗುತ್ತದೆ. ಒಣಗಿಸುವುದು ನೆರಳಲ್ಲಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ, ಒಳಗಿನ ಪಸೆ ಸಿಕ್ಕಿಹಾಕಿಕೊಂಡು ಸೀಳುತ್ತದೆ. ಒಣಗಿತೋ ಇಲ್ಲವೋ ನೋಡಲು ಯಂತ್ರ ಬೇಡ. ಕೆನ್ನೆಗೆ ತಾಗಿಸಿದಾಗ ತಣ್ಣಗೆ ಕಂಡರೆ ಇನ್ನೂ ಪಸೆ ಇದೆ ಎಂದರ್ಥ. ಕುಂಬಾರರ ಮನೆಯ ಹಿರಿಯ ಹೆಂಗಸೊಬ್ಬರು ನನಗೆ ಇದನ್ನು ಕಲಿಸುತ್ತ ‘ಮಣ್ಣಿಗೆ ಅವಸರ ಮಾಡಬಾರದಮ್ಮಾ’ ಎಂದಿದ್ದರು.

ಸುಡುವುದು ನಿಧಾನ ಕೆಲಸ. ಶುರುವಿನಲ್ಲಿ ಉರಿ ಜೋರಾದರೆ ಉಳಿದ ನೀರು ಆವಿಯಾಗಿ ಓಲೆ ಒಡೆದು ಚೂರಾಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಣ್ಣಿನ ಕಣಕಣದಲ್ಲಿ ಬೆಸೆದಿದ್ದ ನೀರೂ ಹೋಗಿರುತ್ತದೆ, ಅದು ಮತ್ತೆಂದೂ ನೀರಿಗೆ ಕರಗುವುದಿಲ್ಲ. 800ರ ಆಸುಪಾಸಿಗೆ ಹೋದರೆ ಓಲೆಗೆ ಗಟ್ಟಿತನ ಬರುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಮರದ ಹೊಟ್ಟು ಹಾಕಿ ಗಾಳಿ ಕಟ್ಟಿ ಹೊಗೆಯಲ್ಲಿ ಬೇಯಿಸಿದರೆ ಕಪ್ಪಾಗುತ್ತದೆ. ಆ ಕಪ್ಪು ಓಲೆಗೆ ಒಂದು ಬೆಳ್ಳಿಯ ಗುಂಡು ಸೇರಿಸಿದರೆ ಬೇರೆ ಬಣ್ಣವೇ ಬೇಡ ಎಂದು ನನ್ನ ಅಭಿಪ್ರಾಯ. ಆದರೆ ಮಾರಾಟವಾಗುವುದು ಬಣ್ಣದವೇ ಹೆಚ್ಚು.

ಕೊಂಡಿಯ ವಿಷಯದಲ್ಲಿ ಮಾತ್ರ ಕಂಜೂಸು ಮಾಡಲೇಬಾರದು. ಅಗ್ಗದ ಕೊಂಡಿಗಳಿಂದ ನಿಕಲ್ ಚರ್ಮಕ್ಕೆ ಇಳಿಯುವುದುಂಟು. ಅದಕ್ಕೆ ಕಿವಿ ಕೆರೆದು ಕೀವಾದ ಗಿರಾಕಿ ಇನ್ನೊಮ್ಮೆ ನಿಮ್ಮ ಹತ್ತಿರ ಬರುವುದಿಲ್ಲ. 925 ಬೆಳ್ಳಿ, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿಯಿರುವ ತಂತಿ, ಇಲ್ಲವೇ ಸರ್ಜಿಕಲ್ ಸ್ಟೀಲ್ ಹಾಕಿ. ತೂಕವನ್ನೂ ನೋಡಿ. ಒಂದು ಜೊತೆ ಇಪ್ಪತ್ತು ಗ್ರಾಂ ದಾಟಿದರೆ ಮದುವೆ ಮನೆಯಲ್ಲಿ ಊಟದ ಹೊತ್ತಿಗೆ ಕಳಚಿ ಪರ್ಸಿಗೆ ಹಾಕಿಕೊಳ್ಳುತ್ತಾರೆ.

ಈಗ ಲೆಕ್ಕ. ಒಂದು ಜೊತೆ ಬಣ್ಣದ ಜುಮುಕಿಗೆ ಮಣ್ಣು, ಬಣ್ಣ, ವಾರ್ನಿಷ್, ಕೊಂಡಿ, ಸುಟ್ಟ ಖರ್ಚಿನ ಪಾಲು, ಡಬ್ಬಿ ಎಲ್ಲ ಸೇರಿ 60 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳ್ಳಿ ಕೊಂಡಿಯಾದರೆ ಇದು ಏರುತ್ತದೆ. ರೂಪ ಕೊಡುವುದು, ಉಜ್ಜುವುದು, ಬಣ್ಣ, ಕೊಂಡಿ, ಫೋಟೊ, ಗಿರಾಕಿಯ ಮೆಸೇಜಿಗೆ ಉತ್ತರ, ಪ್ಯಾಕಿಂಗು ಎಲ್ಲಕ್ಕೂ ಎರಡು ಗಂಟೆ. ಹೊಸಬರು ಇದನ್ನು 150 ರೂಪಾಯಿಗೆ ಮಾರುತ್ತಾರೆ. ಖರ್ಚು ಕಳೆದರೆ 90, ಗಂಟೆಗೆ 45. ಆ ದರದಲ್ಲಿ ತಿಂಗಳ ಬಾಡಿಗೆ ಹುಟ್ಟಿಸಲು ಹಗಲೂ ರಾತ್ರಿ ಜುಮುಕಿಯನ್ನೇ ಮಾಡಬೇಕು, ಚಿತ್ರ ಬರೆಯುವುದು ಯಾವಾಗ? ಗಂಟೆಗೆ 150 ಬೇಕೆಂದರೆ ಜೊತೆಗೆ 360 ಆಗುತ್ತದೆ. ಅಂಗಡಿಯಲ್ಲಿಟ್ಟು ಮಾರಿದರೆ ಅಂಗಡಿಯವರ ಪಾಲು ಮೂರರಲ್ಲೊಂದರಷ್ಟು ಹೋಗುತ್ತದೆ. ಅದನ್ನು ಲೆಕ್ಕ ಹಿಡಿದು 600 ಇಟ್ಟು, 35 ಪರ್ಸೆಂಟ್ ಕಮಿಷನ್ ಕೊಟ್ಟರೆ ಕೈಗೆ 390, ಖರ್ಚು ಕಳೆದು 330, ಗಂಟೆಗೆ 165. ಹೀಗಾಗಿ ಅಂಗಡಿಯ ಬೆಲೆಯೂ ನೇರ ಮಾರುವ ಬೆಲೆಯೂ ಒಂದೇ ಇರಬೇಕು. ‘ನೇರವಾಗಿ ಕೊಂಡರೆ ಅರ್ಧಕ್ಕೆ ಕೊಡ್ತೀನಿ’ ಎಂದರೆ ಅಂಗಡಿಯವರು ನಾಳೆ ನಿಮ್ಮ ಮಾಲು ಇಡುವುದಿಲ್ಲ. ಮೇಳದ ಮಳಿಗೆ ಬಾಡಿಗೆ, ಓಡಾಟ, ಇಡೀ ದಿನ ನಿಂತ ಹೊತ್ತು ಇವೆಲ್ಲ ಸೇರಿದರೆ ನೇರ ಮಾರಾಟವೂ ಪುಕ್ಕಟೆಯಲ್ಲ.

600 ರೂಪಾಯಿಗೆ ಕೊಳ್ಳುತ್ತಾರಾ ಎಂದು ಕೇಳುತ್ತೀರಿ. ಎಲ್ಲರೂ ಕೊಳ್ಳುವುದಿಲ್ಲ. ಅಚ್ಚಿನಲ್ಲಿ ಒತ್ತಿದ, ಬೇರೆ ಹತ್ತು ಜನ ಮಾಡುವಂಥದೇ ಗಣೇಶನ ಪದಕಕ್ಕೆ ಅಷ್ಟು ಬೆಲೆ ಬರುವುದೂ ಇಲ್ಲ, ಬರಬೇಕಾಗಿಯೂ ಇಲ್ಲ. ನಿಮ್ಮದೇ ಕೈಯ ಗುರುತು ಬೇಕು. ಸಂತೆಯಲ್ಲಿ ದೂರದಿಂದಲೇ ‘ಇದು ಅವರದು’ ಎಂದು ಹೇಳುವಂತಿರಬೇಕು. ಕಲಾವಿದರಿಗೆ ಇರುವ ನಿಜವಾದ ಬಂಡವಾಳ ಇದೊಂದೇ, ಸಾಲ ತಂದರೂ ಸಿಗದ ಬಂಡವಾಳ.

ಈ ಗುರುತನ್ನು ಎಲ್ಲಿಂದ ತರುವುದು? ನಾನು ಕಲಿತದ್ದು ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ. ಕಿರೀಟ, ಕರ್ಣಪತ್ರ, ಭುಜಕೀರ್ತಿ, ಎದೆಪದಕ, ತೋಳುಕಟ್ಟು, ವೀರಗಸೆ ಇವೆಲ್ಲ ಚಿನ್ನದವಲ್ಲ. ಹಗುರ ಮರದ ಮೇಲೆ ಬೇಗಡೆ, ಕನ್ನಡಿ ಚೂರು, ಮಣಿ, ದಾರ. ಕಟ್ಟಿದವನ ಕೈಚಳಕದಿಂದಲೇ ಅದು ರಾತ್ರಿಯ ಬೆಳಕಿನಲ್ಲಿ ರಾಜನೊಡವೆ. ಎದುರಿನ ಕೊನೆಯ ಸಾಲಿನವನಿಗೂ ಕಾಣಬೇಕೆಂದು ಅವುಗಳ ಆಕಾರ ದೊಡ್ಡದು, ಗೆರೆ ದಪ್ಪ, ಕೆಂಪು ಹಸಿರು ಕಪ್ಪು ಬಣ್ಣ ನೇರ. ಕಿವಿಯೋಲೆ ನೋಡುವುದು ಒಂದು ಮೊಳ ದೂರದಿಂದ. ಎದೆಪದಕದ ಆ ದಿಟ್ಟ ಗೆರೆಯನ್ನು ಮೊಳದ ದೂರಕ್ಕೆ ಇಳಿಸುವುದು ಹೇಗೆ ಎಂದು ಯೋಚಿಸಿದಾಗ ನನ್ನ ವಿನ್ಯಾಸ ಹುಟ್ಟಿತು. ಆ ಯೋಚನೆ ಮತ್ತೆ ನನ್ನ ಚಿತ್ರಗಳಿಗೂ ಬಂತು, ಗೆರೆ ಗಟ್ಟಿಯಾಯಿತು. ವ್ಯಾಪಾರ ಕಲೆಗೆ ಹಣವನ್ನಷ್ಟೇ ಕೊಡುತ್ತದೆ ಎಂದುಕೊಳ್ಳುವುದು ಅರ್ಧ ತಿಳಿವಳಿಕೆ.

ಇಲ್ಲಿ ಒಂದು ಎಚ್ಚರ ಬೇಕು. ಪ್ರೇರಣೆ ಬೇರೆ, ಎತ್ತಿಕೊಂಡು ಬರುವುದು ಬೇರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೀದರಿನ ಬಿದ್ರಿ ಕೆಲಸಕ್ಕೂ ಇದೆ. ಸತುವಿಗೆ ತುಸು ತಾಮ್ರ ಬೆರೆಸಿದ ಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪಾಗಿಸುವ ಆ ವಿದ್ಯೆಗೆ ಬದುಕು ಮುಡಿಪಿಟ್ಟ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಪ್ಪು ಬಣ್ಣ ಬಳಿದು ಬೆಳ್ಳಿ ಪೆನ್ನಿನಿಂದ ಗೆರೆ ಎಳೆದು ‘ಬಿದ್ರಿ ಓಲೆ’ ಎಂದು ಮಾರುವುದು ಆ ಊರಿನ ಅನ್ನಕ್ಕೆ ಕೈಹಾಕಿದಂತೆ. ಬೇಕೆಂದರೆ ಅವರಿಂದಲೇ ಕೊಂಡು, ನಿಮ್ಮ ಸರದಲ್ಲಿ ಪೋಣಿಸಿ, ಬೀದರಿನ ಪದಕ ಎಂದು ಚೀಟಿಯಲ್ಲಿ ಬರೆಯಿರಿ.

ನಾನು ಚನ್ನಪಟ್ಟಣದ ಮಣಿಗಳನ್ನು ಹಾಗೆಯೇ ಬಳಸುತ್ತೇನೆ. ಹಾಲೆ ಮರದ ತುಂಡು ಕಡೆಯುವ ಯಂತ್ರದಲ್ಲಿ ಗಿರಗಿರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯೊಂದನ್ನು ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಮಾಮೂಲ್‌ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಮಣಿ ಅಗ್ಗವೇನೋ ಹೌದು. ದಾರ, ಕೊಂಡಿ, ತಿರುಪಿಗೆ ನಾನೂ ಪೇಟೆಗೇ ಹೋಗುತ್ತೇನೆ. ಆದರೆ ಮಣಿ ಮಾತ್ರ ಚನ್ನಪಟ್ಟಣದ್ದು. ಗಂಟೆಯ ಲೆಕ್ಕ ನಾನು ನನಗೆ ಹಾಕಿಕೊಂಡ ಮೇಲೆ ಇನ್ನೊಬ್ಬರ ಗಂಟೆಗೂ ಅದೇ ಮರ್ಯಾದೆ ಕೊಡಬೇಕಲ್ಲವೇ?

ವರ್ಷದ ಋತುಗಳನ್ನು ತಿಳಿಯದೆ ಈ ವ್ಯಾಪಾರ ಮಾಡಲಾಗದು. ಆಷಾಢದಲ್ಲಿ ಮಾರಾಟ ಮಂಕು. ಶ್ರಾವಣದ ವರಮಹಾಲಕ್ಷ್ಮಿಯಿಂದ ಏರತೊಡಗಿ ಗೌರಿಹಬ್ಬ, ನವರಾತ್ರಿ, ದೀಪಾವಳಿವರೆಗೆ ಕೈಗೆ ಬಿಡುವಿಲ್ಲ. ನವೆಂಬರ್ ಬಂತೆಂದರೆ ಐಟಿ ಕಂಪನಿಗಳ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಬಣ್ಣದ ಜುಮುಕಿಯೇ ಬೇಕು. ರಾಜ್ಯೋತ್ಸವದ ವಾರ ಎಷ್ಟು ಮಾಡಿದರೂ ಸಾಲದು. ತೊಡಕು ಎಲ್ಲಿದೆ ಎಂದರೆ, ಈ ಬೇಡಿಕೆಯ ಮುಂಚಿನ ತಿಂಗಳುಗಳೇ ಮಳೆಗಾಲ. ಮಣ್ಣು ಒಣಗುವುದಿಲ್ಲ, ಒಣಗಿದಂತೆ ಕಂಡದ್ದು ಉರಿಯಲ್ಲಿ ಒಡೆಯುತ್ತದೆ. ಹಾಗಾಗಿ ಫೆಬ್ರವರಿಯಿಂದ ಮೇವರೆಗೆ ಬಣ್ಣವಿಲ್ಲದ ಓಲೆ, ಪದಕ, ಮಣಿಗಳನ್ನು ಮಾಡಿ ಸುಟ್ಟು ಡಬ್ಬಿ ತುಂಬಿಸಿಡಬೇಕು. ಬಣ್ಣ ಹಚ್ಚಲು ಮಳೆಯ ಅಡ್ಡಿಯಿಲ್ಲ, ಗಿರಾಕಿಯ ಸೀರೆಗೆ ಹೊಂದಿಸಿ ಆಗ ಹಚ್ಚಿದರಾಯಿತು. ಈ ಕ್ರಮ ಹಿಡಿದವರಿಗೆ ಆಷಾಢ ಪೂರ್ತಿ ಚಿತ್ರಕ್ಕೆ ಬಿಡುವಾಗುತ್ತದೆ. ನನ್ನ ದೊಡ್ಡ ಕ್ಯಾನ್ವಾಸುಗಳೆಲ್ಲ ಮಳೆಗಾಲದ ಕೂಸುಗಳು.

ಕಾಗದಪತ್ರದ ಕೆಲಸ ಬಹಳವಿಲ್ಲ, ಆದರೆ ಬಿಡುವಂತಿಲ್ಲ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳಿಕೊಂಡೇ ಕಳಿಸಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಆಗುತ್ತದೆ. ದುಡ್ಡು ಕೇಳುವ ಮಧ್ಯವರ್ತಿಯನ್ನು ನಂಬಬೇಡಿ. ಕೇಂದ್ರದ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿ ಸರ್ಕಾರಿ ಮೇಳಗಳಿಗೆ ಉಪಯೋಗಕ್ಕೆ ಬರುತ್ತದೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರರು, ಅಕ್ಕಸಾಲಿಗಳು ಇದ್ದಾರೆ. ಅದು ಮನೆತನದ ಕಸುಬು ಮಾಡುವವರಿಗಾಗಿ ಇರುವ ಯೋಜನೆ, ನಗರದಲ್ಲಿ ಹೊಸದಾಗಿ ಕಲಿತ ನಮ್ಮಂಥವರು ಆ ಸಾಲಿನಲ್ಲಿ ನಿಲ್ಲುವುದು ಸರಿಯಲ್ಲ. ಮೊದಲ ವರ್ಷ ಸಾಲವನ್ನೇ ಮಾಡಬೇಡಿ ಎಂಬುದು ನನ್ನ ಮಾತು. ಈ ವ್ಯಾಪಾರಕ್ಕೆ ಬೇಕಾದದ್ದು ಒಂದು ಮೇಜು, ಒಂದಷ್ಟು ಸೂಜಿ ಕಡ್ಡಿ, ಮಣ್ಣು, ಮತ್ತು ಮಣ್ಣು ಸುಡುವ ಯಾರದಾದರೂ ಗೂಡಿನಲ್ಲಿ ಬಾಡಿಗೆಯ ಜಾಗ. ಸ್ವಂತ ಗೂಡು ಆಮೇಲೆ ಬರಲಿ.

ಒಡವೆಯ ದುಡ್ಡಿಗೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಸಣ್ಣಪುಟ್ಟ ಅಂಗಡಿಗಳಿಗೂ ಬಂದಾಗ ಮನೆಯ ದುಡ್ಡು, ಕೈಗಡ, ವ್ಯಾಪಾರದ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಇಟ್ಟುಕೊಂಡಿದ್ದವರು ಯಾವುದು ಯಾವುದೆಂದು ಬಿಡಿಸಿ ತೋರಿಸಲು ಒದ್ದಾಡಿದರು.

ಸರ್ಕಾರ ಕೈಕೆಲಸವನ್ನು ಬೇರೆಯಾಗಿ ಕಾಣಬೇಕು ಎಂಬ ಬೇಡಿಕೆ ನಮ್ಮ ನಾಡಿನಲ್ಲೇ ಗಟ್ಟಿಯಾಗಿ ಎದ್ದದ್ದು. ಹೆಗ್ಗೋಡಿನಲ್ಲಿ ‘ಚರಕ’ದ ಮೂಲಕ ಕೈಮಗ್ಗವನ್ನು ಹೆಣ್ಣುಮಕ್ಕಳ ಬದುಕಿಗೆ ಜೋಡಿಸಿದ ರಂಗಕರ್ಮಿ ಪ್ರಸನ್ನ, ಕೈಉತ್ಪನ್ನಗಳಿಗೆ ತೆರಿಗೆ ಶೂನ್ಯವಾಗಿರಬೇಕೆಂದು 2017ರಲ್ಲಿ ಉಪವಾಸ ಕೂತರು. ಅವರು ನಾಟಕದವರು ಎಂಬುದು ನನಗೆ ಮುಖ್ಯ. ರಂಗದ ಮೇಲೆ ಮನುಷ್ಯನ ದೇಹ ಏನು ಮಾಡಬಲ್ಲದು ಎಂದು ಬಲ್ಲವರಿಗೆ ಕೈಯ ದುಡಿಮೆಯ ಬೆಲೆಯೂ ಗೊತ್ತಿರುತ್ತದೆ. ಯಂತ್ರದಿಂದ ದಿನಕ್ಕೆ ಸಾವಿರಗಟ್ಟಲೆ ಉದುರುವ ಓಲೆಯೂ, ಒಬ್ಬಳು ಕೂತು ದಿನಕ್ಕೆ ನಾಲ್ಕು ಜೊತೆ ಮಾಡುವ ಓಲೆಯೂ ಒಂದೇ ತೂಕದಲ್ಲಿ ತೂಗಿದರೆ ಯಾರು ಉಳಿಯುತ್ತಾರೆ ಎಂದು ಹೇಳಬೇಕಿಲ್ಲ.

ಮಾರಾಟದ ಮಾತು ಬಂದಾಗ ಎಲ್ಲರೂ ಇನ್‌ಸ್ಟಾಗ್ರಾಂ ಎನ್ನುತ್ತಾರೆ. ಇರಲಿ, ಬೇಕು. ಹಗಲ ಬೆಳಕಲ್ಲಿ, ಕಿವಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ ತೆಗೆದರೆ ‘ಇಷ್ಟು ಚಿಕ್ಕದಾ’ ಎಂಬ ದೂರು ಬರುವುದಿಲ್ಲ. ಆದರೆ ದಿನಕ್ಕೊಂದು ರೀಲ್ಸ್ ಮಾಡಲೇಬೇಕೆಂದು ಹೊರಟರೆ ಚಿತ್ರದ ಬೆಳಗು ಮತ್ತೆ ಕೈತಪ್ಪುತ್ತದೆ. ನನಗೆ ನಂಬಿಕೆ ಹೆಚ್ಚು ಇರುವುದು ಹಳೆಯ ಗಿರಾಕಿಯ ಬಾಯಿಮಾತಿನ ಮೇಲೆ. ಒಬ್ಬರು ಕೊಂಡು ಹಾಕಿಕೊಂಡರೆ ಆಫೀಸಿನಲ್ಲಿ ನಾಲ್ಕು ಜನ ಕೇಳುತ್ತಾರೆ. ಒಡೆದ ಓಲೆಯನ್ನು ಪುಕ್ಕಟೆಯಾಗಿ ಸರಿಮಾಡಿಕೊಡುತ್ತೇನೆಂದು ಚೀಟಿಯಲ್ಲಿ ಬರೆಯುತ್ತೇನೆ. ಮಣ್ಣು ಬಿದ್ದರೆ ಒಡೆಯುತ್ತದೆ ಎಂದು ಕೊಳ್ಳುವ ಮೊದಲೇ ಹೇಳುತ್ತೇನೆ. ಕಳೆದ ಹಬ್ಬಕ್ಕೆ ಕೊಂಡ ಸರದ ಮಣಿಯೊಂದು ಒಡೆಯಿತೆಂದು ಜಯನಗರದಿಂದ ಬಸ್ಸು ಹಿಡಿದು ಬಂದ ಹಿರಿಯರೊಬ್ಬರು, ಮಣಿ ಪೋಣಿಸುವವರೆಗೆ ಕೂತಿದ್ದು, ಹೋಗುವಾಗ ಸೊಸೆಗೆಂದು ಇನ್ನೆರಡು ಜೊತೆ ಒಯ್ದರು. ‘ಚಿನ್ನ ಲಾಕರಿನಲ್ಲಿದೆ ಕಣಮ್ಮಾ, ಹಾಕ್ಕೊಳ್ಳೋದು ಇದನ್ನೇ’ ಎಂದರು.

ಕೊನೆಗೆ ಬೇಲಿಯ ಮಾತು. ಆರ್ಡರು ಬರುತ್ತಲೇ ಇರುತ್ತವೆ, ಬರಲಿ ಎಂದೇ ನಾವೂ ಬಯಸುತ್ತೇವೆ. ಮದುವೆ ಮನೆಯವರು ನೂರು ಜೊತೆ ತಾಂಬೂಲದ ಉಡುಗೊರೆಗೆ ಕೇಳುತ್ತಾರೆ. ಆಗ ಬೇಡ ಎನ್ನುವುದು ಕಷ್ಟ. ನೂರು ಜೊತೆಯ ಹಣ ಎಷ್ಟು ಬೆಳಗನ್ನು ಕೊಡುತ್ತದೆ, ಎಷ್ಟನ್ನು ಕಿತ್ತುಕೊಳ್ಳುತ್ತದೆ ಎಂದು ಲೆಕ್ಕ ಹಾಕಿಯೇ ಒಪ್ಪಬೇಕು. ಕೆಲವೊಮ್ಮೆ ಒಪ್ಪುವುದೇ ಸರಿ, ಎರಡು ತಿಂಗಳು ದುಡಿದರೆ ನಾಲ್ಕು ತಿಂಗಳು ಚಿತ್ರಕ್ಕೆ ಸಿಗಬಹುದು. ಜೊತೆಗಾರ್ತಿಯೊಬ್ಬಳನ್ನು ಕೂಲಿಗೆ ಸೇರಿಸಿಕೊಳ್ಳುವುದಾದರೆ ಅವಳ ಗಂಟೆಗೂ ಸರಿಯಾದ ದರ ಕಟ್ಟಬೇಕು. ಬೆಳಿಗ್ಗೆ ಹನ್ನೊಂದರವರೆಗೆ ನನ್ನ ಮೇಜಿನ ಮೇಲೆ ಮಣ್ಣಿಗೆ ಜಾಗವಿಲ್ಲ. ಆ ಹೊತ್ತು ಫೋನು ಬೇರೆ ಕೋಣೆಯಲ್ಲಿರುತ್ತದೆ. ಗಿರಾಕಿಗಳು ಇದಕ್ಕೆ ಒಗ್ಗಿಕೊಂಡಿದ್ದಾರೆ, ‘ಮೇಡಂ ಹನ್ನೊಂದರ ಮೇಲೇ ಸಿಗೋದು’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಶುರುಮಾಡಬೇಕೆಂದಿರುವವರು ವಿಡಿಯೊ ನೋಡಿ ಕಲಿಯುವ ಮುಂಚೆ ನಿಮ್ಮೂರಿನ ಕುಂಬಾರರ ಮನೆಗೆ ಒಮ್ಮೆ ಹೋಗಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೇ ಇದೆ. ಅಷ್ಟು ದೂರ ಹೋಗಲಾಗದವರಿಗೆ ಹತ್ತಿರದ ಗೂಡೇ ಶಾಲೆ. ಮಣ್ಣಿಗೆ, ಗೂಡಿನ ಜಾಗಕ್ಕೆ, ಅವರು ಕಲಿಸಿದ್ದಕ್ಕೆ ಕೇಳಿದಷ್ಟು ಹಣ ಕೊಡಿ, ಚೌಕಾಸಿ ಮಾಡಬೇಡಿ. ನಾಳೆ ನಿಮ್ಮ ಮಜೂರಿಗೂ ಯಾರೂ ಚೌಕಾಸಿ ಮಾಡಬಾರದೆಂದು ಕೇಳುವ ಹಕ್ಕು ನಿಮಗೆ ಅಲ್ಲಿಂದ ಬರುತ್ತದೆ.